ಜವಾನನ ಮಗಳು, ಜೋಡು ಹೊಲಿಯುವವನ ಮಗಳು

ಬಾಲ್ಯಸಖ್ಯವು ನಮ್ಮ ಕಾವ್ಯಗಳಿಗೆ ಹೊಸ ವಸ್ತುವೇನೂ ಅಲ್ಲ. ಒಂದೇ ಆಶ್ರಮದಲ್ಲಿ ಆಡಿ ಓದಿ ಬೆಳೆದ ದ್ರೋಣದ್ರುಪದರಲ್ಲಿ ಒಬ್ಬನು ಸಿಂಹಾಸನವನ್ನೇರಿದ ಮೇಲೆ, ಮಗುವಿಗೆ ಹಾಲಿಲ್ಲದ ಮನೆಯಿಂದ ಬಂದ ಮತ್ತೊಬ್ಬನನ್ನು ಕಂಡು, ಸಮಾನರಲ್ಲದವರಲ್ಲಿ ಸಖ್ಯವೆಲ್ಲಿಯದೆಂದು ಕೇಳಿದ ಕಥೆಯನ್ನು ನಾವೆಲ್ಲರೂ ಬಲ್ಲೆವು. ಸಾಂದೀಪನಿಗಳ ಬಳಿ ಕೂಡಿ ಓದಿದ ಕುಚೇಲನು ಹಿಡಿ ಅವಲಕ್ಕಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ದ್ವಾರಕೆಗೆ ಹೋದ ಕಥೆಯಂತೂ ನಮ್ಮ ಮನೆಗಳ ಮಕ್ಕಳಿಗೂ ಬಾಯಿಪಾಠ. ಒಂದು ಕಥೆ ವೈರದಲ್ಲಿ ಮುಗಿಯಿತು, ಇನ್ನೊಂದು ಅನುಗ್ರಹದಲ್ಲಿ ಮುಗಿಯಿತು. ಆದರೆ ಎರಡರಲ್ಲಿಯೂ ಸಮಾನವಾದ ಸಂಗತಿಯೊಂದುಂಟು. ದ್ರುಪದನು ಹುಟ್ಟಿದಾಗಲೇ ರಾಜಪುತ್ರ. ಕೃಷ್ಣನ ಮಾತನ್ನಂತೂ ಹೇಳಬೇಕಾದುದೇ ಇಲ್ಲ. ಗುರುಕುಲದಲ್ಲಿ ಇವರು ಅನುಭವಿಸಿದ ಸಮತೆ ನಾಲ್ಕು ದಿನದ ಆಟ. ಅದು ಮುಗಿದೊಡನೆ ಅವರವರು ಅವರವರ ಹುಟ್ಟಿನ ಸ್ಥಾನಕ್ಕೆ ಹಿಂದಿರುಗಿದರು.

ಹುಟ್ಟಿದ ಕೇರಿ ಒಂದೇ, ಮನೆಯ ಬಡತನವೂ ಒಂದೇ, ಬುದ್ಧಿಯೂ ಹೆಚ್ಚು ಕಡಮೆ ಒಂದೇ ತೂಕದ್ದು. ಹೀಗಿದ್ದ ಇಬ್ಬರಲ್ಲಿ ವಿದ್ಯೆಯು ಒಬ್ಬರನ್ನು ಮಾತ್ರ ಎತ್ತಿಕೊಂಡು ಹೋದರೆ ಅವರ ಗೆಳೆತನಕ್ಕೆ ಏನಾಗುತ್ತದೆ? ಈ ಪ್ರಶ್ನೆಯು ಪ್ರಾಚೀನರಿಗೆ ತಲೆದೋರುವ ಸಂಭವವಿರಲಿಲ್ಲ. ಕೂಲಿಕಾರರ ಮಕ್ಕಳಿಗೆ ಪಾಠಶಾಲೆಯ ಬಾಗಿಲು ತೆರೆದ ಮೇಲೆ, ಅದೂ ಅರ್ಧ ಮಾತ್ರ ತೆರೆದಿದ್ದ ಕಾಲದಲ್ಲಿ, ಹುಟ್ಟಿಕೊಂಡ ಪ್ರಶ್ನೆ ಇದು. ಇದನ್ನೇ ಮೂಲವಾಗಿಟ್ಟುಕೊಂಡು ಇಟಲಿಯಲ್ಲಿ ಈಚೆಗೆ ಬಂದಿರುವ ಒಂದು ದೊಡ್ಡ ಕಾದಂಬರಿಯನ್ನು ಕುರಿತು ವಾಚಕರೊಡನೆ ಸ್ವಲ್ಪ ವಿಚಾರಮಾಡಬೇಕೆಂದು ಉದ್ದೇಶ.

ಗ್ರಂಥಕರ್ತ್ರಿಯ ಹೆಸರು ಎಲೆನಾ ಫೆರ್ರಾಂಟೆ. ಇದು ಇಟ್ಟುಕೊಂಡ ಹೆಸರು. ಹುಟ್ಟಿನ ಹೆಸರನ್ನು ಆಕೆ ಇದುವರೆಗೆ ಹೊರಗೆಡಹಿಲ್ಲ. 1992ರಲ್ಲಿ ಮೊದಲನೆಯ ಕಾದಂಬರಿಯನ್ನು ಪ್ರಕಟಿಸಿದಂದಿನಿಂದಲೂ ಸಭೆಗೆ ಬರುವುದಿಲ್ಲ, ಮುಖ ತೋರಿಸುವುದಿಲ್ಲ, ಬರೆದು ಕೇಳಿದರೆ ಬರೆದು ಉತ್ತರ ಕೊಡುವುದುಂಟು. 2016ರಲ್ಲಿ ಪತ್ರಿಕೆಯವರೊಬ್ಬರು ಹಣಕಾಸಿನ ಲೆಕ್ಕಗಳನ್ನೆಲ್ಲಾ ಕೆದಕಿ ಆಕೆ ಇಂಥವರೇ ಎಂದು ಸಾಧಿಸಹೊರಟರು. ನಮ್ಮಲ್ಲಿ ಕವಿಯ ಕಾಲ, ದೇಶ, ಮತಗಳನ್ನು ನಿರ್ಣಯಿಸುವುದರಲ್ಲಿಯೇ ಆಯುಸ್ಸನ್ನು ಕಳೆದು ಕಾವ್ಯವನ್ನು ಓದಲು ಹೊತ್ತಿಲ್ಲದೆಹೋದ ಪಂಡಿತರುಂಟಷ್ಟೆ. ಆ ಜಾತಿಯ ಉತ್ಸಾಹ ಇದು. ಅದನ್ನು ಅಲ್ಲಿಯೇ ಬಿಡೋಣ.

ಕಾದಂಬರಿಯು ನಾಲ್ಕು ಸಂಪುಟಗಳಾಗಿ 2011ರಿಂದ 2014ರವರೆಗೆ, ವರ್ಷಕ್ಕೊಂದರಂತೆ, ಇಟಾಲಿಯನ್ ಭಾಷೆಯಲ್ಲಿ ಹೊರಬಿದ್ದಿತು. ಆನ್ ಗೋಲ್ಡ್‌ಸ್ಟೈನ್ ಎಂಬವರ ಇಂಗ್ಲಿಷ್ ಅನುವಾದ 2012ರಿಂದ 2015ರವರೆಗೆ ಬಂದಿತು. ನಾವು ಓದುವುದು ಈ ಅನುವಾದವನ್ನೇ. ಮೊದಲನೆಯ ಸಂಪುಟಕ್ಕೆ 'ಲಾಮೀಕಾ ಜೆನಿಯಾಲೆ', ಎಂದರೆ ಪ್ರತಿಭೆಯುಳ್ಳ ಗೆಳತಿ, ಎಂದು ಹೆಸರು. ಇಡೀ ಕೃತಿಯನ್ನೂ ಅದೇ ಹೆಸರಿನಿಂದ ಕರೆಯುವುದು ವಾಡಿಕೆಯಾಗಿದೆ. 2024ರಲ್ಲಿ ನ್ಯೂಯಾರ್ಕಿನ ಪ್ರಸಿದ್ಧ ಪತ್ರಿಕೆಯೊಂದು ಲೇಖಕರನೇಕರ ಮತವನ್ನೆತ್ತಿದಾಗ ಈ ಶತಮಾನದಲ್ಲಿ ಅದುವರೆಗೆ ಬಂದ ಗ್ರಂಥಗಳಲ್ಲಿ ಈ ಮೊದಲ ಸಂಪುಟಕ್ಕೆ ಅಗ್ರಸ್ಥಾನ ಸಿಕ್ಕಿತು. ಮತವೆಣಿಸಿ ಕಾವ್ಯದ ಬೆಲೆ ಕಟ್ಟುವುದರಲ್ಲಿ ನನಗೆ ನಂಬಿಕೆ ಕಡಮೆ. ಆದರೂ ಒಂದು ಬಡ ಕೇರಿಯ ಇಬ್ಬರು ಹುಡುಗಿಯರ ಕಥೆ ಇಷ್ಟು ದೂರ ನಡೆದಿದೆಯೆಂಬುದು ತಿಳಿದಿರಲೆಂದು ಹೇಳಿದೆ.

ಕೇರಿ ನೇಪಲ್ಸ್ ಪಟ್ಟಣದ್ದು. ಕಾದಂಬರಿಯಲ್ಲಿ ಅದಕ್ಕೆ ಹೆಸರಿಲ್ಲ. ರೈಲು ನಿಲ್ದಾಣದಾಚೆ ಪಟ್ಟಣದ ಪೂರ್ವಕ್ಕಿರುವ ಲುಜ್ಜಾತ್ತಿ ಎಂಬ ವಸತಿಯೇ ಅದೆಂದು ಬಲ್ಲವರು ಹೇಳುತ್ತಾರೆ. ಸಮುದ್ರವು ಹತ್ತಿರದಲ್ಲಿಯೇ ಇದ್ದರೂ ಅಲ್ಲಿಯ ಮಕ್ಕಳು ಅದನ್ನು ಕಂಡಿಲ್ಲ. 1944ರ ಆಗಸ್ಟಿನಲ್ಲಿ, ಯುದ್ಧವಿನ್ನೂ ಮುಗಿಯದಿರುವಾಗ, ಇಲ್ಲಿ ಎರಡು ಹೆಣ್ಣು ಮಕ್ಕಳು ಹುಟ್ಟಿದುವು. ಒಬ್ಬಳ ತಂದೆ ಪುರಸಭೆಯ ಕಚೇರಿಯಲ್ಲಿ ಜವಾನ. ಅವಳು ಎಲೆನಾ ಗ್ರೇಕೋ, ಮನೆಯವರಿಗೆ ಲೆನೂ. ಇನ್ನೊಬ್ಬಳ ತಂದೆ ಹಳೆಯ ಜೋಡುಗಳನ್ನು ಹೊಲಿದುಕೊಡುವವನು; ಅವಳು ರಫಾಯೆಲ್ಲಾ ಚೆರುಲ್ಲೋ. ಕೇರಿಯವರು ಅವಳನ್ನು ಲೀನಾ ಎನ್ನುವರು; ಗೆಳತಿಯೊಬ್ಬಳಿಗೆ ಮಾತ್ರ ಅವಳು ಲೀಲಾ. ಕಥೆಯನ್ನು ಹೇಳುವವಳು ಲೆನೂ. ಹೇಳುವಾಗ ಅವಳಿಗೆ 66 ವರ್ಷ; ತೂರಿನ್ ನಗರದಲ್ಲಿ ಕೀರ್ತಿವಂತ ಲೇಖಿಕೆಯಾಗಿ ನೆಲೆಸಿದ್ದಾಳೆ. ಲೀಲಾಳ ಮಗನು ಅತ್ತಲಿಂದ ಟೆಲಿಫೋನು ಮಾಡಿ, ತಾಯಿ ಎರಡು ವಾರದಿಂದ ಕಾಣುವುದಿಲ್ಲವೆಂದು ತಿಳಿಸುತ್ತಾನೆ. ಬಟ್ಟೆಯಿಲ್ಲ, ಪುಸ್ತಕವಿಲ್ಲ, ಭಾವಚಿತ್ರಗಳಲ್ಲಿ ತನ್ನ ಆಕೃತಿಯನ್ನು ಕತ್ತರಿಯಿಂದ ಕತ್ತರಿಸಿ ತೆಗೆದುಹಾಕಿದ್ದಾಳೆ. ತಾನು ಇದ್ದೆನೆಂಬುದಕ್ಕೆ ಗುರುತೇ ಉಳಿಯದಂತೆ ಹೋಗಿಬಿಡಬೇಕೆಂಬುದು ಅವಳ ಬಹುದಿನದ ಆಸೆ. ಇದನ್ನು ಕೇಳಿ ಲೆನೂಗೆ ದುಃಖಕ್ಕಿಂತ ಮುಂಚೆ ಕೋಪ ಬರುತ್ತದೆ. ಹೇಗೆ ಅಳಿಸಿಹೋಗುವೆಯೋ ನೋಡುತ್ತೇನೆಂದು ಕುಳಿತು, ನೆನಪಿಗೆ ಬಂದುದನ್ನೆಲ್ಲಾ ಬರೆಯತೊಡಗುತ್ತಾಳೆ. ಒಂದೂವರೆ ಸಾವಿರ ಪುಟಗಳನ್ನು ಮೀರಿದ ಈ ಗ್ರಂಥವು ಹೀಗೆ ಪಂತದಿಂದ ಹುಟ್ಟಿದ್ದು. ಗೆಳತಿಯ ಸ್ಮಾರಕವೆಂದು ಇದನ್ನು ಓದಹೊರಡುವವರು ಈ ಆರಂಭವನ್ನು ಮರೆಯಬಾರದು.

ಇಬ್ಬರಲ್ಲಿ ಮೊದಲು ಅಕ್ಷರ ಕಲಿತವಳು ಲೀಲಾ. ಯಾರೂ ಹೇಳಿಕೊಡದೆ ತಾನಾಗಿಯೇ ಕಲಿತಳು. ತರಗತಿಯಲ್ಲಿ ಅವಳೇ ಮೊದಲು. ಲೆನೂ ಎರಡನೆಯವಳು, ಅದೂ ಲೀಲಾಳನ್ನು ಹಿಡಿಯಬೇಕೆಂಬ ಹಟದಿಂದ. ಇವರ ಉಪಾಧ್ಯಾಯಿನಿ ಒಲಿವಿಯೇರೋ ಎಂಬಾಕೆಯು ಪ್ರಾಥಮಿಕಶಾಲೆ ಮುಗಿದ ಮೇಲೆ ಇಬ್ಬರನ್ನೂ ಮುಂದಕ್ಕೆ ಓದಿಸುವಂತೆ ಮನೆಗಳಿಗೆ ಹೇಳುತ್ತಾಳೆ. ಮುಂದಿನ ಶಾಲೆಗೆ ಪ್ರವೇಶಪರೀಕ್ಷೆಯುಂಟು. ಅದಕ್ಕೆ ಬೇರೆ ಪಾಠ ಹೇಳಿಸಬೇಕು, ಪಾಠಕ್ಕೆ ಹಣ ಕೊಡಬೇಕು, ಪುಸ್ತಕ ಕೊಳ್ಳಬೇಕು. ಜವಾನನ ಮನೆಯಲ್ಲಿ ತಾಯಿ ಗೊಣಗಿದಳು, ತಂದೆ ಹಿಂದುಮುಂದು ನೋಡಿದನು, ಕಡೆಗೆ ಆಗಲೆಂದರು. ಜೋಡು ಹೊಲಿಯುವವನ ಮನೆಯಲ್ಲಿ ಆಗದೆಂದರು. ಅಣ್ಣ ರೀನೋ ತಂಗಿಯ ಪರವಾಗಿ ವಾದಿಸಿದನು, ಅವಳೂ ಸುಮ್ಮನಿರಲಿಲ್ಲ. ಜಗಳ ಬೆಳೆದು, ಸಿಟ್ಟಿಗೆದ್ದ ತಂದೆಯು ಹತ್ತು ವರ್ಷದ ಮಗಳನ್ನು ಕಿಟಕಿಯಿಂದ ಹೊರಗೆ ಬೀದಿಗೆ ಎಸೆದುಬಿಟ್ಟನು. ಕೆಳಗೆ ನಿಂತಿದ್ದ ಲೆನೂ ಅದನ್ನು ಕಣ್ಣಾರೆ ಕಂಡಳು. ಲೀಲಾಳ ತೋಳು ಮುರಿಯಿತು. ಅವಳ ವಿದ್ಯಾಭ್ಯಾಸ ಅಲ್ಲಿಗೆ ಮುಗಿಯಿತೆಂದೇ ಹೇಳಬೇಕು.

ಇಲ್ಲಿ ಇತಿಹಾಸದ ಒಂದು ಮಾತನ್ನು ಸೇರಿಸುವುದು ಅವಶ್ಯ. 1948ರಲ್ಲಿ ಜಾರಿಗೆ ಬಂದ ಇಟಲಿಯ ರಾಜ್ಯಾಂಗವು ಕನಿಷ್ಠಪಕ್ಷ ಎಂಟು ವರ್ಷದ ವಿದ್ಯಾಭ್ಯಾಸವು ಕಡ್ಡಾಯವೂ ಉಚಿತವೂ ಆಗಿರತಕ್ಕುದೆಂದು ವಿಧಿಸಿದೆ. ಆದರೆ ಐದನೆಯ ತರಗತಿಯ ನಂತರ ಎಲ್ಲ ಮಕ್ಕಳಿಗೂ ಒಂದೇ ಬಗೆಯ ಶಾಲೆಯನ್ನು ಏರ್ಪಡಿಸುವ ಶಾಸನವಾದದ್ದು 1962ರ ಡಿಸೆಂಬರಿನಲ್ಲಿ. ಅಲ್ಲಿಯವರೆಗೂ ಕವಲುದಾರಿ ಅಲ್ಲಿಯೇ ಇದ್ದಿತು: ಪ್ರವೇಶಪರೀಕ್ಷೆಯಲ್ಲಿ ಗೆದ್ದವರಿಗೆ ಲ್ಯಾಟಿನ್ನಿನ ಶಾಲೆ, ಉಳಿದವರಿಗೆ ಕಸಬಿನ ಶಾಲೆ ಅಥವಾ ಬೀದಿ. ನಮ್ಮ ಹುಡುಗಿಯರು ಆ ಕವಲಿಗೆ ಬಂದದ್ದು 1955ರ ಸುಮಾರಿಗೆ, ಎಂದರೆ ವಾಗ್ದಾನಕ್ಕೂ ಅದರ ನೆರವೇರಿಕೆಗೂ ನಡುವಣ ಹದಿನಾಲ್ಕು ವರ್ಷಗಳ ಸರಿಮಧ್ಯದಲ್ಲಿ. ಗ್ರಂಥಕರ್ತ್ರಿ ಈ ಶಾಸನಗಳ ಮಾತನ್ನು ದೊಡ್ಡದಾಗಿ ಎತ್ತುವುದಿಲ್ಲ; ಎತ್ತಬೇಕಾದುದೂ ಇಲ್ಲ. ಆದರೆ ಓದುವ ನಾವು ಅದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಇದು ಹಣೆಯ ಬರಹದ ಕಥೆಯಲ್ಲವೆಂಬುದು ತಿಳಿಯುತ್ತದೆ. ಒಬ್ಬ ತಂದೆಯ ಕಿಸೆಯಲ್ಲಿ ನಾಲ್ಕು ಕಾಸು ಹೆಚ್ಚು, ಇನ್ನೊಬ್ಬನ ಕಿಸೆಯಲ್ಲಿ ಕಡಮೆ. ಒಬ್ಬನಿಗೆ ಸರ್ಕಾರದ ಕಚೇರಿಯ ಗಾಳಿ ಸೋಕಿದೆ, ಇನ್ನೊಬ್ಬನಿಗೆ ಸೋಕಿಲ್ಲ. ವ್ಯತ್ಯಾಸವೆಂಬುದು ಇಷ್ಟೇ. ನಮ್ಮ ಊರುಗಳಲ್ಲಿಯೂ ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬನು ಪೇಟೆಯ ಶಾಲೆಗೂ ಇನ್ನೊಬ್ಬನು ಎತ್ತಿನ ಹಿಂದೆಯೂ ಹೋದುದನ್ನು ಕಂಡವರಿಗೆ ಈ 'ಇಷ್ಟೇ' ಎಂಬುದರ ತೂಕವನ್ನು ವಿವರಿಸಬೇಕಾಗಿಲ್ಲ.

ಅದೇ ಸುಮಾರಿಗೆ ನಡೆಯುವ ಇನ್ನೊಂದು ಪ್ರಸಂಗವನ್ನು ನೋಡಬೇಕು. ಲೀಲಾ ಒಂದು ದಿನ ಲೆನೂವನ್ನು ಒಡಂಬಡಿಸಿ, ಶಾಲೆಗೆ ಚಕ್ಕರು ಹೊಡೆದು, ಸುರಂಗದಾಚೆಗೆ ಸಮುದ್ರವನ್ನು ನೋಡಲು ಕರೆದುಕೊಂಡು ಹೊರಡುತ್ತಾಳೆ. ಕೇರಿಯ ಮೇರೆ ದಾಟಿದ ಮೇಲೆ ಯಾವಾಗಲೂ ಹೆದರುವ ಲೆನೂಗೆ ಹುಮ್ಮಸ್ಸು. ಯಾವಾಗಲೂ ಹೆದರದ ಲೀಲಾಗೆ ದಿಗಿಲು. ಮಳೆ ಬರುತ್ತದೆ, ಲೀಲಾ ಹಿಂದಿರುಗೋಣವೆನ್ನುತ್ತಾಳೆ. ಲೆನೂಗೆ ಮನೆಯಲ್ಲಿ ಏಟು ಬೀಳುತ್ತದೆ. ಮರುದಿನ ಲೀಲಾ ಕೇಳುವುದು ಒಂದೇ ಮಾತು: ಇಷ್ಟಾದರೂ ನಿನ್ನನ್ನು ಮುಂದಕ್ಕೆ ಓದಿಸುತ್ತಾರೆಯೇ ಎಂದು. ಸಮುದ್ರಕ್ಕೆ ಕರೆದದ್ದು ಗೆಳತಿಯ ಓದನ್ನು ತಪ್ಪಿಸುವುದಕ್ಕೋ? ಹಿಂದಿರುಗೋಣವೆಂದದ್ದು ಅದು ಬೇಡವೆನಿಸಿದ್ದಕ್ಕೋ? ಅಥವಾ ಎರಡೂ ಹೌದೋ? ಗ್ರಂಥಕರ್ತ್ರಿ ಪ್ರಶ್ನೆಯನ್ನು ಎತ್ತಿ ಕೈಬಿಡುತ್ತಾಳೆ. ಐವತ್ತಕ್ಕೂ ಹೆಚ್ಚು ವರ್ಷಗಳ ಮೇಲೂ ಹೇಳುವವಳಿಗೆ ಉತ್ತರ ತಿಳಿದಿಲ್ಲ. ಮಕ್ಕಳ ಮನಸ್ಸಿನ ಕಪಟವನ್ನೂ ಪ್ರೀತಿಯನ್ನೂ ಹೀಗೆ ಒಂದೇ ಎಳೆಯಾಗಿ ಹುರಿಗೊಳಿಸಿದುದನ್ನು ನಾನು ಬೇರೆಡೆಯಲ್ಲಿ ಓದಿದ ನೆನಪಿಲ್ಲ.

ಶಾಲೆ ಬಿಟ್ಟ ಲೀಲಾ ಓದನ್ನು ಬಿಡಲಿಲ್ಲ. ಕೇರಿಯ ಪುಸ್ತಕಭಂಡಾರದಲ್ಲಿ ಹೆಚ್ಚು ಪುಸ್ತಕಗಳನ್ನು ಓದಿದವರಿಗೆ ಬಹುಮಾನ ಕೊಡುತ್ತಾರೆ. ಮೊದಲನೆಯ ಬಹುಮಾನ ಲೀಲಾಗೆ. ಎರಡನೆಯದು ಅವಳ ತಂದೆಗೆ, ಮೂರನೆಯದು ತಾಯಿಗೆ, ನಾಲ್ಕನೆಯದು ಅಣ್ಣನಿಗೆ. ಆ ಮನೆಯಲ್ಲಿ ಪುಸ್ತಕ ಹಿಡಿಯುವವರು ಲೀಲಾ ಹೊರತು ಇನ್ನಾರೂ ಇಲ್ಲ! ನಾಲ್ವರ ಹೆಸರಿನಲ್ಲಿಯೂ ಚೀಟಿ ಮಾಡಿಸಿಕೊಂಡು ಅವಳೊಬ್ಬಳೇ ಓದಿದ್ದಾಳೆ. ಶಾಲೆಗೆ ಹೋಗುವ ಲೆನೂಗೆ ಬಂದದ್ದು ಐದನೆಯ ಬಹುಮಾನ. ಓದುವಾಗ ನಗು ಬರುತ್ತದೆ. ಒಂದು ಪುಟ ತಿರುವುವುದರೊಳಗೆ ಆ ನಗು ಗಂಟಲಲ್ಲಿ ನಿಲ್ಲುತ್ತದೆ. ಲೆನೂ ಲ್ಯಾಟಿನ್ನಿನಲ್ಲಿ ಸೋತು ಮತ್ತೆ ಪರೀಕ್ಷೆಗೆ ಕುಳಿತುಕೊಳ್ಳಬೇಕಾದಾಗ ಪಾಠ ಹೇಳಿಕೊಟ್ಟವಳೂ, ಅಂಗಡಿಯಲ್ಲಿ ಜೋಡುಗಳ ನಡುವೆ ಕುಳಿತು ತಾನಾಗಿ ಆ ಭಾಷೆಯನ್ನು ಕಲಿತ, ಈ ಲೀಲಾಳೇ.

ಈ ಸಂಬಂಧಕ್ಕೆ ಏನೆಂದು ಹೆಸರಿಡಬೇಕು? ಸ್ನೇಹವೆಂದು ಕರೆದವರುಂಟು. ನಮ್ಮ ಅಲಂಕಾರಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಇಲ್ಲೊಂದು ತೊಡಕು ಕಾಣುತ್ತದೆ. ಭರತನು ಎಣಿಸಿದ 33 ವ್ಯಭಿಚಾರಿಭಾವಗಳಲ್ಲಿ ಅಸೂಯೆಯೂ ಒಂದು. ಅದು ಬಂದು ಹೋಗುವಂಥದು, ಸ್ಥಾಯಿಯಾಗಿ ನಿಲ್ಲುವಂಥದಲ್ಲ ಎಂದು ಶಾಸ್ತ್ರದ ಮತ. ಈ ಕಾದಂಬರಿಯಲ್ಲಿ ಅಸೂಯೆಯು ನಾಲ್ಕು ಸಂಪುಟಗಳುದ್ದಕ್ಕೂ ಹೋಗದೆ ನಿಂತಿದೆ. ಪ್ರೀತಿಯೇ ಬಂದು ಬಂದು ಹೋಗುತ್ತದೆ. ಹಾಗಾದರೆ ಶಾಸ್ತ್ರವು ತಪ್ಪೆ? ನನಗೆ ಹಾಗೆ ತೋರುವುದಿಲ್ಲ. ಲೆನೂ ಅಸೂಯೆಪಡುವುದು ಲೀಲಾಳ ವಸ್ತುಗಳನ್ನು ಕಂಡಲ್ಲ, ಗಂಡನ ಹಣವನ್ನು ಕಂಡೂ ಅಲ್ಲ. ಅವಳ ಬುದ್ಧಿ ನಡೆಯುವ ರೀತಿಯನ್ನು ಕಂಡು. ಹಾಗೆ ಅಸೂಯೆಪಡುವಾಗಲೆಲ್ಲಾ ಆ ಬುದ್ಧಿಯ ಮುಂದೆ ತಲೆಬಾಗಿಯೂ ಇರುತ್ತಾಳೆ. ಒಳಗೆ ನಿಂತಿರುವ ಸ್ಥಾಯಿಯು ವಿಸ್ಮಯವೇ. ಮತ್ಸರವು ಅದು ತೊಡುವ ವೇಷ. ಆದುದರಿಂದಲೇ ಕೃತಿಯಲ್ಲಿ ಇಷ್ಟು ಕಹಿಯಿದ್ದರೂ ಓದಿದವರಿಗೆ ಜುಗುಪ್ಸೆ ಹುಟ್ಟುವುದಿಲ್ಲ.

ಪುಸ್ತಕದ ಹೆಸರಿನಲ್ಲಿಯೇ ಒಂದು ತಂತ್ರವಡಗಿದೆ. ಪ್ರತಿಭೆಯುಳ್ಳ ಗೆಳತಿಯೆಂದರೆ ಲೀಲಾಳೇ ಎಂದು ಓದುಗನು ಮೊದಲಿನಿಂದಲೂ ನಂಬಿ ಬರುತ್ತಾನೆ. ಹೇಳುವವಳು ಹಾಗೆ ನಂಬಿಸುತ್ತಾಳೆ. ಲೀಲಾಳಿಗೆ 16 ವರ್ಷವಾಗಿ, ಕೇರಿಯ ದಿನಸಿ ವ್ಯಾಪಾರಿ ಸ್ತೇಫಾನೋ ಕರಾಚ್ಚಿಯೊಡನೆ ಮದುವೆಯಾಗುವ ದಿನ, ಮದುಮಗಳಿಗೆ ಲೆನೂ ನೀರೆರೆಯುತ್ತಾಳೆ. ಆಗ ಲೀಲಾ, ಏನಾದರೂ ಆಗಲಿ ನೀನು ಓದುವುದನ್ನು ನಿಲ್ಲಿಸಬೇಡ, ಹಣ ಬೇಕಾದರೆ ನಾನು ಕೊಡುತ್ತೇನೆ ಎಂಬ ಅರ್ಥದ ಮಾತನ್ನಾಡಿ, ಆ ವಿಶೇಷಣವನ್ನು ಲೆನೂಗೇ ಕೊಡುತ್ತಾಳೆ. ಗ್ರಂಥದ ಹೆಸರು ಗ್ರಂಥದೊಳಗೆ ಬರುವ ಮುಖ್ಯ ಸ್ಥಳವಿದು. ಯಾರು ಯಾರನ್ನು ನೋಡಿ ಬೆರಗಾದರು? ಇಬ್ಬರೂ ಇನ್ನೊಬ್ಬರ ಕಣ್ಣಿನಲ್ಲಿ ತಮಗಿಂತ ದೊಡ್ಡವರನ್ನು ಕಂಡರು. ಈ ಒಂದು ಮಾತು ಬಿದ್ದೊಡನೆ ಹಿಂದಿನ ಮುನ್ನೂರು ಪುಟಗಳು ಬೇರೆ ಬಣ್ಣ ತಾಳುತ್ತವೆ.

ಇನ್ನು ಕೃತಿಯ ಮರ್ಮಸ್ಥಾನಕ್ಕೆ ಬರೋಣ. ಶಾಲೆ ತಪ್ಪಿಹೋಗುವ ಮುನ್ನ ಲೀಲಾ ಒಂದು ಪುಟ್ಟ ಕಥೆ ಬರೆದಿದ್ದಳು. ಚೌಕಳಿ ಕಾಗದದ ಕೆಲವು ಹಾಳೆಗಳಷ್ಟು. ಅದಕ್ಕೆ 'ನೀಲಿಯ ಕಿನ್ನರಿ' ಎಂದು ಹೆಸರಿಟ್ಟು ಒಲಿವಿಯೇರೋ ಉಪಾಧ್ಯಾಯಿನಿಗೆ ಕೊಟ್ಟಳು. ಆಕೆ ಒಂದು ಮಾತನ್ನೂ ಆಡಲಿಲ್ಲ. ಮುಂದೆ ಓದಲಾರದ ಹುಡುಗಿಯ ಬರಹವನ್ನು ಹೊಗಳಿ ಏನು ಪ್ರಯೋಜನವೆಂದಿರಬಹುದು. ಅಥವಾ ಅದು ತೀರ ಚೆನ್ನಾಗಿದ್ದುದೇ ಆಕೆಯ ಕೋಪಕ್ಕೆ ಕಾರಣವಾಗಿರಬಹುದು. ಲೆನೂಗೆ ಮಾತ್ರ ಆಕೆ, ಕೀಳು ಜನವೆಂದರೇನು ಬಲ್ಲೆಯಾ ಎಂದು ಕೇಳಿ, ಚೆರುಲ್ಲೋಳನ್ನು ಮರೆತು ನಿನ್ನ ದಾರಿ ನೋಡಿಕೊ ಎಂದು ಬುದ್ಧಿ ಹೇಳಿದಳು. ವರ್ಷಗಳು ಕಳೆದುವು. ಲೆನೂ ಪೀಸಾ ನಗರದ ಹೆಸರಾಂತ ವಿದ್ಯಾಲಯದಲ್ಲಿ ಪದವಿ ಪಡೆದು ಒಂದು ಕಾದಂಬರಿ ಬರೆದಳು. ಅದು ಅಚ್ಚಾಗಿ ಹೆಸರು ತಂದಿತು. ಅಷ್ಟರಲ್ಲಿ ಉಪಾಧ್ಯಾಯಿನಿ ತೀರಿಹೋಗಿ, ಆಕೆ ಇಟ್ಟುಕೊಂಡಿದ್ದ ಹಳೆಯ ಕಾಗದಗಳೊಡನೆ 'ನೀಲಿಯ ಕಿನ್ನರಿ'ಯೂ ಲೆನೂವಿನ ಕೈಸೇರಿತು. ಹಾಳೆಯ ಅಂಚಿನಲ್ಲೆಲ್ಲಾ ಉಪಾಧ್ಯಾಯಿನಿಯ ಮೆಚ್ಚಿಕೆಯ ಗುರುತುಗಳು. ಓದುತ್ತ ಓದುತ್ತ ಲೆನೂಗೆ ಹೊಳೆಯುವ ಸಂಗತಿಯೇನೆಂದರೆ, ತನ್ನ ಕಾದಂಬರಿಯ ಜೀವವೆಲ್ಲಾ ಆ ಹತ್ತು ವರ್ಷದ ಹುಡುಗಿ ಬರೆದ ಹಾಳೆಗಳಿಂದ ಬಂದದ್ದು ಎಂಬುದು.

ಅವಳು ಆ ಹಾಳೆಗಳನ್ನು ಹಿಡಿದುಕೊಂಡು ಲೀಲಾಳನ್ನು ಹುಡುಕಿ ಹೊರಡುತ್ತಾಳೆ. ಲೀಲಾ ಈ ಹೊತ್ತಿಗೆ ಗಂಡನ ಮನೆಯನ್ನು ಬಿಟ್ಟು, ಕೂಸನ್ನು ಕಟ್ಟಿಕೊಂಡು, ಸಾನ್ ಜೊವಾನ್ನಿಯಲ್ಲಿ ಮಾಂಸದ ಕಾರ್ಖಾನೆಯೊಂದರಲ್ಲಿ ಕೂಲಿ. ಒಳ್ಳೆಯ ಉಡುಪು ತೊಟ್ಟು ಬಂದ ಪದವೀಧರೆಯನ್ನು ನಾತ ಹೊಡೆಯುವ ಅಂಗಳದಲ್ಲಿ, ಗಾಯಗೊಂಡು ಊದಿದ ಕೈಗಳ ಹೆಂಗಸು ಎದುರುಗೊಳ್ಳುತ್ತಾಳೆ. ಲೆನೂ ಕಥೆಯನ್ನು ಅವಳ ಕೈಗಿಡುತ್ತಾಳೆ. ಲೀಲಾ ಸ್ವಲ್ಪ ಹೊತ್ತು ಬೇರೆ ಮಾತಾಡಿ, ರಾತ್ರಿ ಕೆಲಸ ಮುಗಿದ ಮೇಲೆ ಎಂಜೋ ಎಂಬ ಜೊತೆಗಾರನೊಡನೆ ಲೆಕ್ಕಯಂತ್ರಗಳ ವಿದ್ಯೆಯನ್ನು ಹೇಗೆ ಕಲಿಯುತ್ತಿದ್ದೇನೆಂಬುದನ್ನು ಹುಮ್ಮಸ್ಸಿನಿಂದ ವಿವರಿಸುತ್ತಾಳೆ. ಲೆನೂ ಹೊರಟುಹೋಗುವಾಗ ತಿರುಗಿ ನೋಡಿದರೆ, 'ನೀಲಿಯ ಕಿನ್ನರಿ' ಅಂಗಳದ ಬೆಂಕಿಗೆ ಬೀಳುತ್ತಿದೆ.

ಇಡೀ ಗ್ರಂಥದಲ್ಲಿ ಇದಕ್ಕಿಂತ ಮಿಗಿಲಾದ ಭಾಗವಿಲ್ಲ ಎಂದು ನನ್ನ ಅಭಿಪ್ರಾಯ. ಕೊಡುವವಳು ಸಾಲ ತೀರಿಸಲು ಬಂದಿದ್ದಾಳೆಂದು ಮೇಲುನೋಟಕ್ಕೆ ತೋರುತ್ತದೆ. ಒಳಹೊಕ್ಕು ನೋಡಿದರೆ, ತಾನು ಎಷ್ಟು ದೂರ ಬಂದಿದ್ದೇನೆಂಬುದನ್ನು ತೋರಿಸಿಕೊಳ್ಳಲು ಬಂದವಳೂ ಅವಳೇ. ಹೇಳುವಾಗ ಅವಳೇ ಅದನ್ನು ಮರೆಮಾಚುವುದಿಲ್ಲ. ಲೀಲಾ ಏನನ್ನೂ ತೋರಿಸಿಕೊಳ್ಳುವುದಿಲ್ಲ. ಸಾಲವನ್ನು ಸಾಲವೆಂದು ಒಪ್ಪಿಕೊಂಡರೆ ತಾನು ಕಳೆದುಕೊಂಡುದು ಎಷ್ಟೆಂಬುದನ್ನೂ ಒಪ್ಪಿಕೊಳ್ಳಬೇಕಾದೀತು. ಸುಟ್ಟುಬಿಟ್ಟರೆ ಅದು ಮಕ್ಕಳ ಆಟವಾಗಿ ಹೋಗುತ್ತದೆ. ದ್ರುಪದನ ಅರ್ಧರಾಜ್ಯವನ್ನು ಗೆದ್ದು ದ್ರೋಣನು ಸಮನಾದನು. ಈ ಹೆಂಗಸಿಗೆ ಗೆಲ್ಲಲು ರಾಜ್ಯವಿಲ್ಲ, ಬೇಕಾಗಿಯೂ ಇಲ್ಲ. ಅವಳ ಕಣ್ಣು ಆಗಲೇ ಬೇರೊಂದು ಯಂತ್ರದ ಮೇಲೆ ನೆಟ್ಟಿದೆ.

ಈ ಘಟನೆಗೆ ಜೊತೆಯಾಗಿ ಇನ್ನೊಂದನ್ನು ಇಟ್ಟು ನೋಡಬೇಕು. 1966ರಲ್ಲಿ ಲೀಲಾ ತನ್ನ ಬರಹಗಳಿದ್ದ ಎಂಟು ಪುಸ್ತಕಗಳನ್ನು ಒಂದು ತಗಡಿನ ಡಬ್ಬಿಯಲ್ಲಿಟ್ಟು, ಓದಬಾರದೆಂದು ಮಾತು ತೆಗೆದುಕೊಂಡು, ಗಂಡನ ಕೈಗೆ ಸಿಕ್ಕದಿರಲೆಂದು ಲೆನೂಗೆ ಕೊಟ್ಟಿದ್ದಳು. ಲೆನೂ ರೈಲು ಹತ್ತಿದವಳೇ ಡಬ್ಬಿ ತೆರೆದಳು. ಓದಿದಳು, ಕೆಲವು ಭಾಗಗಳನ್ನು ಬಾಯಿಪಾಠ ಮಾಡಿದಳು; ಕಡೆಗೆ ತಾಳಲಾರದೆ ಪೀಸಾದ ಸೇತುವೆಯ ಮೇಲಿನಿಂದ ಆರ್ನೋ ನದಿಗೆ ನೂಕಿಬಿಟ್ಟಳು. ಒಬ್ಬಳು ತನ್ನದನ್ನು ತಾನೇ ಸುಟ್ಟಳು. ಇನ್ನೊಬ್ಬಳು ಗೆಳತಿಯದನ್ನು ನೀರಿಗೆ ಹಾಕಿದಳು. ಹೀಗೆ ಲೀಲಾ ಬರೆದ ಒಂದು ಸಾಲೂ ನಮ್ಮ ಕಣ್ಣಿಗೆ ಬೀಳದು. ಅವಳ ಪ್ರತಿಭೆಯನ್ನು ನಾವು ನಂಬಬೇಕಾದುದು ಲೆನೂವಿನ ಸಾಕ್ಷ್ಯದ ಮೇಲೆ. ಲೀಲಾಳೇ ನಿಜವಾದ ಪ್ರತಿಭಾವಂತೆ, ಲೆನೂ ಕೇವಲ ಶ್ರಮಜೀವಿಯಾದ ವಿದ್ಯಾರ್ಥಿನಿ ಎಂದು ಅನೇಕರು ತೀರ್ಪು ಕೊಟ್ಟಿದ್ದಾರೆ. ಈ ತೀರ್ಪನ್ನು ನಾನು ಒಪ್ಪಲಾರೆ. ಲೀಲಾಳ ಬರಹದ ತೇಜಸ್ಸನ್ನು ನಮಗೆ ಕಾಣಿಸಿದ ಗದ್ಯವು ಲೆನೂವಿನದು. ಕಳವು ಮಾಡಿದೆನೆಂದು ತಾನೇ ಕೂಗಿ ಹೇಳುವವಳ ಮಾತನ್ನು ಅಕ್ಷರಶಃ ನಂಬಿ, ಅವಳ ಪಾಲಿಗೆ ಏನನ್ನೂ ಉಳಿಸದೆಹೋದರೆ, ಆತ್ಮನಿಂದೆಯೂ ಒಂದು ಅಲಂಕಾರವಾಗಬಲ್ಲದೆಂಬುದನ್ನು ಮರೆತಂತಾಗುತ್ತದೆ. ಹಾಗೆಂದು ಅವಳ ಅಪರಾಧವೇನೂ ಸಣ್ಣದಲ್ಲ. ಕಾರ್ಖಾನೆಯ ಸ್ಥಿತಿಯನ್ನು ಕುರಿತು ಲೀಲಾ ಕಲೆಹಾಕಿದ ಸಂಗತಿಗಳು ಲೆನೂವಿನ ಹೆಸರಿನಲ್ಲಿ ಪತ್ರಿಕೆಯ ಲೇಖನವಾದುವು. ಮುಂದೆ ವೃದ್ಧಾಪ್ಯದಲ್ಲಿ, ನಿನ್ನನ್ನು ಕುರಿತು ಬರೆಯುವುದಿಲ್ಲವೆಂದು ಕೊಟ್ಟಿದ್ದ ಮಾತನ್ನು ಮುರಿದು, ಲೀಲಾಳ ಬಾಳಿನ ಅತಿ ಕಠೋರವಾದ ದುಃಖವನ್ನು, ಎಂದರೆ 1984ರಲ್ಲಿ ನಾಲ್ಕು ವರ್ಷ ತುಂಬದ ಮಗಳು ಬೀದಿಯಲ್ಲಿ ಕಾಣೆಯಾಗಿ ಮತ್ತೆ ಸಿಕ್ಕದೆಹೋದುದನ್ನು, ಒಂದು ಚಿಕ್ಕ ಪುಸ್ತಕವಾಗಿಸಿ ಪ್ರಕಟಿಸಿದಳು. ಇಳಿದಿದ್ದ ಕೀರ್ತಿ ಮತ್ತೆ ಏರಿತು. ಲೀಲಾ ಅಂದಿನಿಂದ ಮಾತು ಬಿಟ್ಟಳು. ನಾವು ಓದುತ್ತಿರುವ ನಾಲ್ಕು ಸಂಪುಟಗಳು ಅದೇ ವಚನಭಂಗದ ಇನ್ನೂ ದೊಡ್ಡ ಆವೃತ್ತಿ.

ಕೇರಿಯಿಂದ ಹೊರಬಿದ್ದವರಿಗೆ ಕೇರಿಯಲ್ಲಿ ಉಳಿದವರ ಕಥೆ ಹೇಳುವ ಅಧಿಕಾರವಿದೆಯೇ? ಉಳಿದವರಿಗೆ ಬರೆಯಲು ಬಿಡುವಿಲ್ಲ, ಅಚ್ಚುಹಾಕುವವರಿಲ್ಲ. ಹೊರಬಿದ್ದವರು ಬರೆಯದಿದ್ದರೆ ಆ ಬಾಳು ಮಣ್ಣಾಗಿ ಹೋಗುತ್ತದೆ. ಬರೆದರೆ ಅದು ಬರೆದವರ ಸ್ವತ್ತಾಗಿ ಹೋಗುತ್ತದೆ. ಫೆರ್ರಾಂಟೆಯ ಹೆಚ್ಚಳವೆಂದರೆ ಈ ಇಕ್ಕಟ್ಟಿನಿಂದ ಪಾರಾಗಲು ಆಕೆ ಯಾವ ಓಣಿಯನ್ನೂ ಹುಡುಕದಿರುವುದು. ಲೀಲಾ ತನ್ನನ್ನು ಅಳಿಸಿಕೊಳ್ಳಲು ಬಯಸುತ್ತಾಳೆ, ಆ ಬಯಕೆಗೆ ಬೆಲೆಯಿದೆ. ಲೆನೂ ಅಳಿಸಲು ಬಿಡುವುದಿಲ್ಲ, ಅದಕ್ಕೂ ಬೆಲೆಯಿದೆ. ಲೀಲಾಳ ಈ ಸ್ವಭಾವ ಮುಪ್ಪಿನಲ್ಲಿ ಬಂದದ್ದಲ್ಲವೆಂಬುದನ್ನೂ ಗಮನಿಸಬೇಕು. ಎರಡನೆಯ ಸಂಪುಟದಲ್ಲಿಯೇ, ಅಂಗಡಿಯಲ್ಲಿ ತೂಗುಹಾಕಲು ದೊಡ್ಡದು ಮಾಡಿಸಿದ ತನ್ನ ಮದುವೆಯ ಚಿತ್ರದ ಮೇಲೆ ಕರಿಯ ಕಾಗದವನ್ನಂಟಿಸಿ ತನ್ನ ರೂಪವನ್ನು ತಾನೇ ಮುಚ್ಚಿಹಾಕುತ್ತಾಳೆ. ಆಗ ಅವಳಿಗೆ ನೆರವಾದವಳು ಲೆನೂ!

ಉಳಿದವಳೆಂದು ಲೀಲಾಳನ್ನು ಕರೆದೆನಷ್ಟೆ. ಆ ಮಾತಿಗೆ ಒಂದು ತಿದ್ದುಪಡಿ ಬೇಕು. ಉಳಿದವಳು ಕೊಳೆತುಹೋಗಲಿಲ್ಲ. ಹದಿನೈದಕ್ಕಿಂತ ಮುಂಚೆ ಹೊಸ ಮಾದರಿಯ ಜೋಡುಗಳ ನಕ್ಷೆ ಬರೆದಳು. ಕಾರ್ಖಾನೆಯ ಕೆಲಸದ ನಂತರ ಲೆಕ್ಕಯಂತ್ರಗಳ ವಿದ್ಯೆಯನ್ನು ಕಲಿತು, ಎಂಜೋನೊಡನೆ ಸ್ವಂತ ಉದ್ಯಮ ಕಟ್ಟಿ, ಒಂದು ಕಾಲದಲ್ಲಿ ಲೆನೂಗಿಂತ ಹೆಚ್ಚು ಸಂಪಾದಿಸಿದಳು. ಬುದ್ಧಿವಂತೆಯಾದ ಬಡ ಹುಡುಗಿ ಓದು ತಪ್ಪಿ ಹಾಳಾದಳು ಎಂಬ ಕಣ್ಣೀರಿನ ಕಥೆಯನ್ನು ಬರೆಯುವುದು ಸುಲಭವಾಗಿತ್ತು. ಹಾಗೆ ಬರೆಯದಿದ್ದುದರಿಂದಲೇ ನಷ್ಟದ ಅಳತೆ ನಮಗೆ ಸರಿಯಾಗಿ ಸಿಕ್ಕುತ್ತದೆ. ಲೀಲಾ ಹಿಡಿದ ಕೆಲಸವೆಲ್ಲಾ ಕೈಗೂಡುತ್ತದೆ, ಯಾವುದೂ ಅವಳದಾಗಿ ನಿಲ್ಲುವುದಿಲ್ಲ. ಜೋಡಿನ ನಕ್ಷೆ ಅಣ್ಣನ ಪಾಲಾಯಿತು, ಗಂಡನ ಪಾಲಾಯಿತು. ಮದುವೆಯ ದಿನವೇ ಅವಳು ದ್ವೇಷಿಸುವ ಶ್ರೀಮಂತನು, ಅವಳೂ ಅಣ್ಣನೂ ತಿಂಗಳುಗಟ್ಟಲೆ ದುಡಿದು ಹೊಲಿದ ಮೊದಲ ಜೊತೆಯನ್ನು ಮೆಟ್ಟಿಕೊಂಡು ಮಂಟಪಕ್ಕೆ ಬಂದನು. ಮೊದಲ ಸಂಪುಟ ಆ ಜೋಡುಗಳ ಮೇಲೆ ಕಣ್ಣು ನಿಲ್ಲಿಸಿ ಮುಗಿಯುತ್ತದೆ.

ದೋಷಗಳಿಲ್ಲವೆಂದಲ್ಲ. ಕೇರಿಯ ಸೊಲಾರಾ ಸೋದರರು ದುಷ್ಟರಾಗಿಯೇ ಹುಟ್ಟಿ ದುಷ್ಟರಾಗಿಯೇ ಸಾಯುತ್ತಾರೆ. ಅವರ ಮನಸ್ಸಿನೊಳಕ್ಕೆ ದೀಪ ಹಿಡಿಯುವ ಪ್ರಯತ್ನ ಕಡಮೆ. ಇಬ್ಬರು ಗೆಳತಿಯರೂ ಮೋಹಿಸುವ ನೀನೋ ಎಂಬವನ ಪೊಳ್ಳುತನ ಓದುಗನಿಗೆ ಎರಡನೆಯ ಸಂಪುಟದಲ್ಲಿಯೇ ತಿಳಿದುಹೋಗುತ್ತದೆ, ನಾಯಿಕೆಗೆ ತಿಳಿಯಲು ನಾಲ್ಕನೆಯದು ಬರಬೇಕು. ಅಷ್ಟರಲ್ಲಿ ನಮ್ಮ ತಾಳ್ಮೆ ತೆಳುವಾಗುತ್ತದೆ. ಪ್ರತಿ ಹತ್ತು ಪುಟಕ್ಕೊಮ್ಮೆ ಅಧ್ಯಾಯವನ್ನು ಕುತೂಹಲದ ಕೊಕ್ಕೆಗೆ ಸಿಕ್ಕಿಸಿ ನಿಲ್ಲಿಸುವ ಅಭ್ಯಾಸವು ಧಾರಾವಾಹಿ ಕಥೆಗಳವರಿಗೆ ಒಪ್ಪುತ್ತದೆ, ಇಂಥ ಕೃತಿಗೆ ಬೇಕಾಗಿರಲಿಲ್ಲ. ಮೂರನೆಯ ಸಂಪುಟದ ರಾಜಕೀಯ ಸಂಭಾಷಣೆಗಳಲ್ಲಿ ಕೆಲವು ಬರಿಯ ಗದ್ದಲ. ಆದರೆ ಅದೇ ಸಂಪುಟದಲ್ಲಿ, ಕಾರ್ಖಾನೆಯ ಕಷ್ಟವನ್ನು ಲೀಲಾ ಸಭೆಯಲ್ಲಿ ಎದ್ದು ಹೇಳಿದುದನ್ನು ಓದಿದ ಹುಡುಗರು ಕರಪತ್ರವಾಗಿ ಅಚ್ಚುಹಾಕಿ ಗೇಟಿನ ಮುಂದೆ ಹಂಚುವ, ಅದರಿಂದ ಅವಳ ಕೂಲಿಗೇ ಕುತ್ತು ಬರುವ ಪ್ರಸಂಗ, ಹಿತಚಿಂತಕರ ಅಡ್ಡಿಯನ್ನು ಕುರಿತು ನಾನು ಓದಿದುದರಲ್ಲಿ ಅತ್ಯುತ್ತಮವಾದುದು.

ಕೊನೆಯ ಪುಟಗಳಲ್ಲಿ ತೂರಿನ್ನಿನ ಮನೆಗೆ ಒಂದು ಪೊಟ್ಟಣ ಬರುತ್ತದೆ. ಕಳುಹಿಸಿದವರ ಹೆಸರಿಲ್ಲ. ಒಳಗೆ ಎರಡು ಹಳೆಯ ಬೊಂಬೆಗಳು. ಮೊದಲ ಸಂಪುಟದ ಆರಂಭದಲ್ಲಿ ಇಬ್ಬರು ಹುಡುಗಿಯರೂ ಒಬ್ಬರ ಬೊಂಬೆಯನ್ನು ಇನ್ನೊಬ್ಬರು ಕತ್ತಲೆಯ ನೆಲಮಾಳಿಗೆಗೆ ಎಸೆದು ಕಳೆದುಕೊಂಡಿದ್ದ ಬೊಂಬೆಗಳೇ ಇವು. ಶಾಕುಂತಲದಲ್ಲಿ ಕಳೆದ ಉಂಗುರ ಮೀನಿನ ಹೊಟ್ಟೆಯಿಂದ ಹಿಂದಿರುಗಿದಾಗ ನೆನಪು ಹಿಂದಿರುಗುತ್ತದೆ, ಮುಂದೆ ಮಿಲನವಾಗುತ್ತದೆ. ಇಲ್ಲಿ ಅಭಿಜ್ಞಾನವು ಬಂದಿತು, ಆಸಾಮಿಯು ಬರಲಿಲ್ಲ. ಬೊಂಬೆಗಳು ಮೊದಲಿನಿಂದಲೂ ಲೀಲಾಳ ಬಳಿಯೇ ಇದ್ದುವೇ? ಹಾಗಿದ್ದರೆ ಈ ಅರುವತ್ತು ವರ್ಷದ ಗೆಳೆತನವೇ ಅವಳು ಹೂಡಿದ ಆಟವೇ? ಕಳುಹಿಸಿದ್ದು ಕ್ಷಮೆಯೋ, ಲೆಕ್ಕ ಚುಕ್ತವಾಯಿತೆಂಬ ರಸೀದಿಯೋ? ಬರೆದ ಕಥೆಯನ್ನೆಲ್ಲಾ ಈ ಪೊಟ್ಟಣವು ಮತ್ತೊಮ್ಮೆ ಸಂದೇಹಕ್ಕೆ ಒಡ್ಡುತ್ತದೆ. ಬರೆದು ಗೆಲ್ಲುತ್ತೇನೆಂದು ಕುಳಿತವಳಿಗೆ, ಬರೆಯದೆಯೇ ಬಂದ ಉತ್ತರವಿದು.

ಭಾಷೆಯನ್ನು ಕುರಿತು ಒಂದು ಮಾತು ಉಳಿದಿದೆ. ಈ ಕೇರಿಯ ಮಾತು ನೇಪಲ್ಸಿನ ಆಡುನುಡಿ. ಶಾಲೆಯ ಮಾತು ಗ್ರಾಂಥಿಕವಾದ ಇಟಾಲಿಯನ್. ಲೆನೂ ಓದಿದಂತೆಲ್ಲಾ ಎರಡನೆಯದು ಅವಳ ನಾಲಗೆಯನ್ನು ಆಕ್ರಮಿಸಿ, ತಾಯಿಯೊಡನೆ ಜಗಳವಾಡುವಾಗ ಮಾತ್ರ ಮೊದಲನೆಯದು ನುಗ್ಗಿ ಬರುತ್ತದೆ. ಲೀಲಾ ಎರಡರಲ್ಲಿಯೂ ಸಮರ್ಥಳು. ಬೇಕೆಂದೇ ಕೇರಿಯ ಮಾತಿಗೆ ಅಂಟಿಕೊಳ್ಳುತ್ತಾಳೆ. ಇಷ್ಟಿದ್ದರೂ ಗ್ರಂಥಕರ್ತ್ರಿ ಆಡುನುಡಿಯನ್ನು ಪುಟದ ಮೇಲೆ ಬಹುಮಟ್ಟಿಗೆ ಬರೆಯುವುದೇ ಇಲ್ಲ. ಅವನು ಆಡುನುಡಿಯಲ್ಲಿ ಬೈದನು, ಅವಳು ಇಟಾಲಿಯನ್ನಿನಲ್ಲಿ ಉತ್ತರಕೊಟ್ಟಳು ಎಂದು ಹೇಳಿ ಮುಂದೆ ಸಾಗುತ್ತಾಳೆ. ಹೇಳುವವಳು ಆ ನುಡಿಯಿಂದ ಎಷ್ಟು ದೂರ ಹೋಗಿದ್ದಾಳೆಂಬುದಕ್ಕೆ ಈ ಮೌನವೇ ಗುರುತು. ಗ್ರಾಂಥಿಕಕ್ಕೂ ಗ್ರಾಮ್ಯಕ್ಕೂ ನಡುವಣ ಜಗಳವನ್ನು ಮನೆಯ ಜಗಳವಾಗಿ ಬಲ್ಲ ನಮ್ಮವರಲ್ಲಿ ಇದನ್ನು ಕನ್ನಡಿಸಲು ಹೊರಡುವವರು, ಕೇರಿಯ ಜನರ ಬಾಯಲ್ಲಿ ಧಾರವಾಡದ್ದನ್ನೋ ಮಂಡ್ಯದ್ದನ್ನೋ ಇಡಬೇಕೆಂಬ ಚಪಲಕ್ಕೆ ಒಳಗಾದಾರು. ಹಾಗೆ ಮಾಡಿದರೆ ಸಂಭಾಷಣೆಗೆ ಬಣ್ಣ ಬಂದೀತು. ಲೆನೂ ಕಳೆದುಕೊಂಡುದನ್ನು ಅನುವಾದಕನು ತಾನಾಗಿ ಅವಳಿಗೆ ಹಿಂದಕ್ಕೆ ಕೊಟ್ಟಂತಾಗುತ್ತದೆ. ಮೂಲದಲ್ಲಿರುವಂತೆ ಆ ಸ್ಥಳವನ್ನು ಬರಿದಾಗಿಯೇ ಬಿಡುವುದು ಲೇಸು.